ಮರದಲ್ಲಿ ಬಲೆ ಕಂಡರೆ: ಮೊದಲು ಗೂಡು ಬಿಚ್ಚಿ, ಆಮೇಲೆ ಮದ್ದಿನ ಮಾತು

ಹಿತ್ತಲ ಮಾವಿನ ಮರದ ತುದಿಗಳಲ್ಲಿ ಒಣಗಿದ ಎಲೆಗಳ ಕಟ್ಟುಗಳು ನೇತಾಡುತ್ತಿವೆ, ಎಲೆಗಳ ನಡುವೆ ಬಿಳಿ ನೂಲು ಕಾಣುತ್ತಿದೆ. ಅಂಗಡಿಯಲ್ಲಿ ‘ಬಲೆ ಹುಳುವಿಗೆ ಮದ್ದು’ ಎಂದು ಕೇಳಿದರೆ ಯಾವುದೋ ಒಂದು ಬಾಟಲಿ ಕೈಗೆ ಬರುತ್ತದೆ. ಹೊಡೆದು ಹದಿನೈದು ದಿನವಾದರೂ ಗೂಡು ಅಲ್ಲೇ ಇರುತ್ತದೆ. ಮದ್ದು ಸಾಲಲಿಲ್ಲ ಎಂದುಕೊಂಡು ಎರಡನೇ ಬಾಟಲಿ ತರುತ್ತಾರೆ.

ಗೂಡು ಎಂದರೆ ಹುಳುವಲ್ಲ. ಹುಳು ಸತ್ತರೂ, ಪತಂಗವಾಗಿ ಹಾರಿಹೋದರೂ, ನೂಲಿನಲ್ಲಿ ಬಿಗಿದ ಒಣ ಎಲೆ ತಿಂಗಳುಗಟ್ಟಲೆ ಕೊಂಬೆಯಲ್ಲೇ ಉಳಿಯುತ್ತದೆ. ಮರದಲ್ಲಿ ಕಾಣುವ ಬಲೆಗಳಲ್ಲಿ ಎಷ್ಟರಲ್ಲಿ ಜೀವವಿದೆ ಎಂದು ತಿಳಿಯದೆ ಮದ್ದು ಹೊಡೆಯುವುದು ಖಾಲಿ ಮನೆಗೆ ಬೀಗ ಹಾಕಿದಂತೆ. ಅಲ್ಲದೆ ಬಲೆ ಕಟ್ಟುವುದೆಲ್ಲ ಒಂದೇ ಹುಳುವೂ ಅಲ್ಲ. ಮಾವಿನದು ಬೇರೆ, ಸಪೋಟದ್ದು ಬೇರೆ, ಕಾಂಡದ ತೊಗಟೆಯ ಮೇಲೆ ಪಟ್ಟಿ ಪಟ್ಟಿಯಾಗಿ ಕಾಣುವುದು ಬೇರೆ, ತೆಂಗಿನ ಗರಿಯ ಅಡಿಯದು ಬೇರೆ. ಕೆಲವು ‘ಬಲೆ’ಗಳನ್ನು ಮುಟ್ಟಲೇಬಾರದು.

ಗೂಡು ಇಳಿಸಿ ನೋಡುವ ಬಗೆ

ಬೇಕಾದದ್ದು ಇಷ್ಟು: ತುದಿಗೆ ಕೊಕ್ಕೆ ಅಥವಾ ಕುಡುಗೋಲು ಕಟ್ಟಿದ ದೋಟಿ, ಹಳೆಯ ಬಿಳಿ ಪಂಚೆ, ಕೈಗವಸು, ಅರ್ಧ ಬಕೆಟ್ ಸೋಪಿನ ನೀರು. ಮರದ ಬೇರೆ ಬೇರೆ ದಿಕ್ಕಿನಿಂದ ಐದಾರು ಗೂಡು ಇಳಿಸಿ. ಒಂದೆರಡಾದರೂ ಮರದ ಒಳಭಾಗದಿಂದ, ನೆರಳಲ್ಲಿರುವ ಕೊಂಬೆಯಿಂದ ಬರಲಿ. ಕತ್ತರಿಸುವಾಗ ಕೆಳಗೆ ಪಂಚೆ ಹಾಸಿರಬೇಕು, ಏಕೆಂದರೆ ಗೂಡು ಅಲುಗಿದ ಕೂಡಲೇ ಹುಳುಗಳು ಮೈಕುಣಿಸುತ್ತ ನೂಲು ಬಿಟ್ಟು ಕೆಳಗಿಳಿದು ತಪ್ಪಿಸಿಕೊಳ್ಳುತ್ತವೆ.

ಪಂಚೆಯ ಮೇಲೆ ಗೂಡನ್ನು ನಿಧಾನವಾಗಿ ಬಿಡಿಸಿ. ಮೊದಲು ನೋಡಬೇಕಾದದ್ದು ಹಿಕ್ಕೆಯನ್ನು. ಅದು ಸಾಸಿವೆಯಂಥ ಸಣ್ಣ ಕಾಳುಗಳಾಗಿ ನೂಲಿಗೆ ಅಂಟಿಕೊಂಡಿರುತ್ತದೆ. ಹಸಿಯಾಗಿದ್ದು, ಬೆರಳಲ್ಲಿ ಒತ್ತಿದರೆ ಹಸಿರು ಕಲೆ ಬಿಟ್ಟರೆ ಒಳಗೆ ಹುಳು ಇದೆ, ಇಲ್ಲವೇ ನಿನ್ನೆ ಮೊನ್ನೆಯವರೆಗೂ ಇತ್ತು. ಒಣಗಿ ಕಪ್ಪಾಗಿ ಪುಡಿಯಾದರೆ ಗೂಡು ಹಳೆಯದು. ಆಮೇಲೆ ಎಲೆಗಳನ್ನು ನೋಡಿ. ಕಟ್ಟಿನ ಹೊರಗಿನ ಎಲೆ ಒಣಗಿದ್ದರೂ ಒಳಗೆ ಅಥವಾ ಬುಡದಲ್ಲಿ ಹಸಿ ಎಲೆ ಸೇರಿಕೊಂಡಿದ್ದರೆ ಹುಳು ಇನ್ನೂ ಗೂಡನ್ನು ಬೆಳೆಸುತ್ತಿದೆ. ಕೊನೆಗೆ ಹುಳು, ಕಂದು ಕೋಶ (ಹುಳು ಪತಂಗವಾಗುವ ಮುನ್ನ ಅಲ್ಲಾಡದೆ ಇರುವ ಹಂತ), ಬಿಟ್ಟುಹೋದ ಕೋಶದ ಸಿಪ್ಪೆ ಇವುಗಳನ್ನು ಎಣಿಸಿ.

ಆರು ಗೂಡಿನಲ್ಲಿ ಐದು ಖಾಲಿಯಿದ್ದರೆ ಮದ್ದಿನ ಯೋಚನೆ ಬಿಡಿ, ದೋಟಿ ಸಾಕು. ಮೂರಕ್ಕಿಂತ ಹೆಚ್ಚು ಗೂಡಿನಲ್ಲಿ ಸಣ್ಣ ಹುಳು ಸಿಕ್ಕರೆ ಮುಂದಿನ ಮೂರು ವಾರ ಕೆಲಸವಿದೆ. ಹೆಚ್ಚಿನವು ಕೋಶವಾಗಿದ್ದರೆ ಸಿಂಪಡಣೆಯಿಂದ ಏನೂ ಆಗುವುದಿಲ್ಲ. ಕೋಶ ತಿನ್ನುವುದೂ ಇಲ್ಲ, ಮದ್ದು ಅದರ ಸಿಪ್ಪೆ ದಾಟಿ ಹೋಗುವುದೂ ಕಡಿಮೆ. ಅವನ್ನು ಗೂಡಿನ ಸಮೇತ ಕಿತ್ತು ಮುಗಿಸುವುದೇ ದಾರಿ.

ಹುಳುವಿನದಲ್ಲದ ಗೂಡುಗಳು

ಹಸಿರು ಎಲೆಗಳನ್ನೇ ಮಡಚಿ, ಅಂಚಿಗೆ ಅಂಚು ಸೇರಿಸಿ, ಬಿಳಿ ನೂಲಿನಲ್ಲಿ ಹೊಲಿದ ಚೆಂಡಿನಂಥ ಗೂಡಾದರೆ ಅದು ಕೆಂಜಗದ್ದು. ಮಲೆನಾಡಲ್ಲಿ ಚಗಳಿ ಎನ್ನುವ ಇದೇ ಇರುವೆಯಿಂದ ಚಟ್ನಿ ಮಾಡುವುದೂ ಉಂಟು. ಎಲೆ ತಿಂದ ಗುರುತು ಇರುವುದಿಲ್ಲ, ಹಿಕ್ಕೆ ಇರುವುದಿಲ್ಲ, ದೋಟಿ ತಾಗಿಸಿದರೆ ಇರುವೆ ದಂಡು ಹೊರಬರುತ್ತದೆ. ಕಚ್ಚಿದರೆ ಉರಿಯುವುದು ನಿಜ. ಆದರೆ ಎಲೆ ತಿನ್ನುವ ಹುಳುಗಳನ್ನು ಹೊತ್ತೊಯ್ದು ತಿನ್ನುವುದೂ ಇವೇ. ಬಲೆ ಹುಳುವಿಗೆಂದು ಪುಡಿ ಎರಚಿ ಕೆಂಜಗವನ್ನು ಕೊಂದರೆ ಮರದ ಕಾವಲುಗಾರರನ್ನೇ ಕೊಂದಂತೆ. ಹಿಟ್ಟು ತಿಗಣೆಯನ್ನು ಇವು ಸಾಕುತ್ತವೆ ಎಂಬ ದೂರಿನಲ್ಲೂ ಹುರುಳಿದೆ. ಹಾಗಾಗಿ ಹಣ್ಣು ಕೀಳುವ ಕೊಂಬೆಯಲ್ಲಿ ತೀರಾ ತೊಂದರೆಯಾದರೆ ಆ ಒಂದು ಗೂಡನ್ನು ಮಾತ್ರ ಕತ್ತರಿಸಿ ತೆಗೆಯಬಹುದು.

ಎರಡು ಮೂರು ಹಸಿರೆಲೆ ಸೇರಿಸಿ ಹೊಲಿದು, ಒಳಗೆ ಹತ್ತಿ, ನಾರು ತುಂಬಿದ್ದರೆ ಅದು ಸಿಂಪಿಗ ಹಕ್ಕಿಯ ಮನೆ. ಬಿಟ್ಟುಬಿಡಿ. ಬೇಲಿಯ ಮುಳ್ಳುಗಿಡದಲ್ಲೋ ಕೆಳಗಿನ ಕೊಂಬೆಯಲ್ಲೋ ಬೂದು ಬಣ್ಣದ ದಪ್ಪ ಬಲೆ, ಅದರಲ್ಲಿ ತೂತುಗಳು, ಸುತ್ತ ಸತ್ತ ಕೀಟಗಳ ರೆಕ್ಕೆ ಕಂಡರೆ ಗುಂಪಾಗಿ ಬಾಳುವ ಜೇಡಗಳದ್ದು. ಅದೂ ಮರಕ್ಕೆ ಹಾನಿಯಲ್ಲ.

ಕೊಂಬೆಯ ತುದಿ ಎಲೆ ಸಮೇತ ಒಣಗಿದೆ, ಆದರೆ ನೂಲೇ ಇಲ್ಲ ಎಂದಾದರೆ ಬಲೆ ಹುಳುವನ್ನು ದೂರಬೇಡಿ. ತುದಿಯಿಂದ ಕೆಳಕ್ಕೆ ಒಣಗುವ ರೋಗವೋ ಕಾಂಡ ಕೊರಕವೋ ಇರಬೇಕು. ಅದರ ದಾರಿ ಬೇರೆ.

ಮಾವಿನ ಬಲೆ ಹುಳು: ಅದರ ದಿನಚರಿ ತಿಳಿದರೆ ಅರ್ಧ ಕೆಲಸ

ಮಾವಿನಲ್ಲಿ ಈ ಕೆಲಸ ಮಾಡುವುದು ಓರ್ಥಾಗ ಕುಲದ ಸಣ್ಣ ಬೂದುಗಂದು ಪತಂಗದ ಮರಿಗಳು. ಎಲೆಯ ಮೇಲೆ ಇಟ್ಟ ಮೊಟ್ಟೆ ಸುಮಾರು ಒಂದು ವಾರದಲ್ಲಿ ಒಡೆಯುತ್ತದೆ. ಮೊದಲ ಕೆಲವು ದಿನ ಮರಿಗಳು ಗುಂಪಾಗಿ ಎಲೆಯ ಮೇಲ್ಪದರವನ್ನಷ್ಟೇ ಕೆರೆದು ತಿನ್ನುತ್ತವೆ. ಎಲೆ ಅಲ್ಲಲ್ಲಿ ಕಂದು ಕಾಗದದಂತೆ ಕಾಣುವುದು ಈ ಹಂತದಲ್ಲಿ. ಬಲೆ ಇನ್ನೂ ತೆಳು, ಕೆಳಗಿನಿಂದ ಕಣ್ಣಿಗೆ ಬೀಳುವುದಿಲ್ಲ. ಮದ್ದಿಗೆ ಬಗ್ಗುವುದೂ ಈ ಹಂತದಲ್ಲೇ. ದೊಡ್ಡದಾದಂತೆ ಹತ್ತಿರದ ಎಲೆಗಳನ್ನೂ ಎಳೆ ತುದಿಯನ್ನೂ ನೂಲಿನಲ್ಲಿ ಎಳೆದು ಕಟ್ಟಿ, ಒಳಗೇ ಕೂತು ನಡುನರ ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತವೆ. ಒಂದೇ ಗೂಡಿನಲ್ಲಿ ಹಲವು ಹುಳು ಇರಬಹುದು. ಬೆಳೆದ ಹುಳು ಎರಡು ಸೆಂಟಿಮೀಟರಿಗಿಂತ ತುಸು ಉದ್ದ, ಹಸಿರು ಬೆರೆತ ಕಂದು, ಮೈಯುದ್ದಕ್ಕೆ ಗೆರೆ. ಕೂದಲು ಚುಚ್ಚುವುದಿಲ್ಲ, ಮುಟ್ಟಿದರೆ ತುರಿಕೆಯಿಲ್ಲ. ಎರಡರಿಂದ ನಾಲ್ಕು ವಾರ ತಿಂದು, ಹೆಚ್ಚಿನವು ಗೂಡಿನೊಳಗೇ ಕೋಶ ಕಟ್ಟುತ್ತವೆ. ಕಡೆಯ ಪೀಳಿಗೆಯವು ಮಣ್ಣಿಗಿಳಿದು ಕೋಶವಾಗುವುದೂ ಇದೆ.

ಮಳೆಗಾಲದ ನಡುವಿನಿಂದ ಹಾವಳಿ ಏರುತ್ತದೆ. ಒಂದು ಪೀಳಿಗೆಯ ಮೇಲೆ ಇನ್ನೊಂದು ಸೇರಿಕೊಂಡು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಮರ ಕಂದುಗಟ್ಟಿದಂತೆ ಕಾಣುತ್ತದೆ. ಜನ ಗಾಬರಿಯಾಗುವುದು ನವೆಂಬರ್‌ನಲ್ಲಿ, ಎಲ್ಲ ಗೂಡೂ ಒಣಗಿ ದೂರಕ್ಕೆ ಎದ್ದು ಕಾಣುವಾಗ. ಅಷ್ಟರಲ್ಲಿ ತಿನ್ನುವುದನ್ನೆಲ್ಲ ತಿಂದು ಮುಗಿದಿರುತ್ತದೆ.

ಇದರಿಂದ ಮರ ಸಾಯುತ್ತದೆಯೇ? ಇಲ್ಲ. ಇಪ್ಪತ್ತು ಮೂವತ್ತು ವರ್ಷದ ಮಾವಿನ ಮರ ಹತ್ತಿಪ್ಪತ್ತು ಗೂಡನ್ನು ಲೆಕ್ಕಕ್ಕೇ ಇಡುವುದಿಲ್ಲ. ನಷ್ಟ ಬೇರೆ ಕಡೆ ಇದೆ. ಕೊಯ್ಲಾದ ಮೇಲೆ ಮಳೆಗಾಲದಲ್ಲಿ ಬರುವ ಚಿಗುರೇ ಬಲಿತು ಡಿಸೆಂಬರ್, ಜನವರಿಯಲ್ಲಿ ಹೂ ಬಿಡುವ ಕಡ್ಡಿಯಾಗುತ್ತದೆ. ಹುಳು ಕಟ್ಟಿಹಾಕುವುದು ಆ ಚಿಗುರನ್ನೇ. ಹಾಗಾಗಿ ಬಲೆ ಹಿಡಿದ ತುದಿ ಮುಂದಿನ ಹಂಗಾಮಿಗೆ ಹೂ ಕೊಡುವುದಿಲ್ಲ. ಕೆಲವೇ ಗೂಡಿದ್ದರೆ ಅದೂ ಗೊತ್ತಾಗುವುದಿಲ್ಲ. ಮೂರರಲ್ಲೊಂದು ಭಾಗ ತುದಿಗಳು ಸಿಕ್ಕಿಕೊಂಡಿದ್ದರೆ ಆ ವರ್ಷದ ಉಪ್ಪಿನಕಾಯಿಗೆ ಮಾರುಕಟ್ಟೆಯ ಮಿಡಿಯೇ ಗತಿ.

ಇನ್ನೊಂದು ಮಾತು. ಒಂದೇ ಬೀದಿಯಲ್ಲಿ ಒಂದು ಮರಕ್ಕೆ ಮೈತುಂಬ ಬಲೆ, ಪಕ್ಕದ್ದಕ್ಕೆ ಏನೂ ಇಲ್ಲ ಎಂಬುದು ಸಾಮಾನ್ಯ. ಕಾರಣ ಅದೃಷ್ಟವಲ್ಲ, ನೆರಳು. ಮಾವಿಗೆ ಹಳೆಯ ಲೆಕ್ಕದಲ್ಲಿ ಮರದಿಂದ ಮರಕ್ಕೆ 10 ಮೀಟರ್ ಅಂತರ. ಮೂವತ್ತಕ್ಕೆ ನಲವತ್ತರ ಸೈಟಿನ ಮೂಲೆಯಲ್ಲಿ ಮಾವು, ಅದರ ಬಗಲಲ್ಲಿ ಸಪೋಟ, ಮೇಲೆ ತೆಂಗು ನಿಂತರೆ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ನಡುವೆ ಬಿಸಿಲೂ ಗಾಳಿಯೂ ಆಡುವುದಿಲ್ಲ. ಒದ್ದೆಯಾಗಿ ಕತ್ತಲಾಗಿ ಇರುವ ಆ ಒಳಭಾಗವೇ ಹುಳುವಿಗೆ ಬೇಕಾದ ಜಾಗ, ಒಂದಕ್ಕೊಂದು ತಾಗುವ ಎಲೆಗಳಿದ್ದರೆ ಹೆಣೆಯುವುದೂ ಸುಲಭ.

ಮಾಡಬೇಕಾದದ್ದು, ಮಾಡುವ ಹೊತ್ತಿನ ಕ್ರಮದಲ್ಲಿ

ಕೊಯ್ಲು ಮುಗಿದ ಕೂಡಲೇ, ಕರಾವಳಿಯಲ್ಲಿ ಮಳೆ ಹಿಡಿಯುವ ಮುನ್ನ, ಬಯಲುಸೀಮೆಯಲ್ಲಿ ಜುಲೈ ಒಳಗೆ, ಮರ ಸವರಿ. ನೆತ್ತಿಯಲ್ಲಿ ನೇರ ಮೇಲೆದ್ದ ಒಂದೆರಡು ಕೊಂಬೆ ತೆಗೆದು ನಡುವಿಗೆ ಬಿಸಿಲು ಬೀಳುವ ಹಾಗೆ ಮಾಡಬೇಕು. ಒಣಗಿದ್ದು, ಒಂದರ ಮೇಲೊಂದು ಉಜ್ಜುವುದು, ಪಕ್ಕದ ಮರದೊಳಕ್ಕೆ ನುಗ್ಗಿದ್ದು ಹೋಗಲಿ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹೆಚ್ಚು ಕಡಿದರೆ ಮರ ಸಿಟ್ಟಿಗೆದ್ದಂತೆ ನೀರುಚಿಗುರು ಬಿಟ್ಟು ಮತ್ತೆ ಪೊದೆಯಾಗುತ್ತದೆ. ಭಾರದ ಕೊಂಬೆಯನ್ನು ಒಂದೇ ಕೊಯ್ತದಲ್ಲಿ ಕತ್ತರಿಸಿದರೆ ತೊಗಟೆ ಸಿಗಿದು ಕಾಂಡದವರೆಗೂ ಹರಿಯುತ್ತದೆ. ಬುಡದಿಂದ ಒಂದಡಿ ಆಚೆ ಕೆಳಗಡೆಯಿಂದ ಮೂರರಲ್ಲೊಂದು ಪಾಲು ಕೊಯ್ದು, ಅದಕ್ಕಿಂತ ಎರಡು ಬೆರಳು ಹೊರಗೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಿ. ಉಳಿದ ಮೋಟನ್ನು ಕೊನೆಗೆ ಬುಡದ ಉಬ್ಬಿನ ಹೊರಗೆ ನೇರ ಕೊಯ್ಯಿರಿ. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆಲ್ಲ ಬೋರ್ಡೋ ಮುಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ ಬೆರೆಸಿದರೆ ಆಯಿತು. ಕಬ್ಬಿಣದ ಬಕೆಟ್ಟಿನಲ್ಲಿ ಮೈಲುತುತ್ತ ಕರಗಿಸಿದರೆ ಬಕೆಟ್ಟೂ ಹೋಗುತ್ತದೆ, ಮುಲಾಮೂ ಕೆಡುತ್ತದೆ.

ಆಗಸ್ಟ್ ಮೊದಲ ವಾರದಿಂದ ಹತ್ತು ದಿನಕ್ಕೊಮ್ಮೆ ಮರದ ಕೆಳಗೆ ನಿಂತು, ಆಕಾಶದ ಬೆಳಕಿಗೆ ಎದುರಾಗಿ ಎಲೆ ನೋಡಿ. ಎರಡು ಮೂರು ಎಲೆ ಒಂದಕ್ಕೊಂದು ಅಂಟಿ ನಿಂತಿದ್ದರೆ ಅದು ಆರಂಭ. ಆಗಲೇ ದೋಟಿಯ ಕೊಕ್ಕೆಯನ್ನು ಗೂಡಿಗೆ ಸಿಕ್ಕಿಸಿ ಎರಡು ಸುತ್ತು ತಿರುವಿ ಎಳೆದರೆ ಬಲೆ ಸುತ್ತಿಕೊಂಡು ಬರುತ್ತದೆ. ಕಡ್ಡಿ ಕತ್ತರಿಸಲೇಬೇಕೆಂದಿಲ್ಲ. ಕಡ್ಡಿ ಉಳಿದರೆ ಅಲ್ಲಿಂದ ಮತ್ತೆ ಚಿಗುರುವ ಅವಕಾಶವಿದೆ. ದೋಟಿಗೆ ಸಿಗದಷ್ಟು ಎತ್ತರದವನ್ನು ಬಿಟ್ಟುಬಿಡಿ. ಮೇಲಿನ ತುದಿಗಳಿಗೆ ಬಿಸಿಲು ಸಾಕಷ್ಟಿರುವುದರಿಂದ ಗೂಡು ಹೆಚ್ಚಾಗಿ ಕೆಳಗೆ ಮತ್ತು ನಡುವೆಯೇ ಇರುತ್ತವೆ. ಅದಕ್ಕಾಗಿ ಏಣಿ ಹತ್ತಿ ಕಾಲು ಮುರಿದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಕರೆಂಟು ತಂತಿ ಮರದ ಮೂಲಕವೋ ಹತ್ತಿರವೋ ಹಾದಿದ್ದರೆ ಅಲ್ಯೂಮಿನಿಯಂ ದೋಟಿ ಮುಟ್ಟಲೇಬೇಡಿ. ಹಸಿ ಬಿದಿರೂ ಮಳೆಯಲ್ಲಿ ನೆನೆದ ಬಿದಿರೂ ವಿದ್ಯುತ್ ಹರಿಸುತ್ತದೆ. ಬೆಂಗಳೂರಿನ ಸುತ್ತಮುತ್ತಲಿನವರು 1912ಕ್ಕೆ ಕರೆ ಮಾಡಿ, ಬೇರೆಡೆಯವರು ತಮ್ಮ ವಿದ್ಯುತ್ ಕಚೇರಿಗೆ ಹೇಳಿ, ಲೈನ್ ಆಫ್ ಮಾಡಿಸಿಕೊಂಡೇ ಕೈ ಹಾಕಬೇಕು.

ಇಳಿಸಿದ ಗೂಡನ್ನು ಮರದ ಬುಡದಲ್ಲಿ ರಾಶಿ ಹಾಕಿದರೆ ಹುಳು ಮತ್ತೆ ಹತ್ತುತ್ತದೆ, ಕೋಶಗಳು ಅಲ್ಲೇ ಪತಂಗವಾಗುತ್ತವೆ. ಮನೆಮಂದಿ ಮಾಡುವ ತಪ್ಪುಗಳಲ್ಲಿ ಇದು ಮೊದಲನೆಯದು. ಗೂಡುಗಳನ್ನು ಸೋಪಿನ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿ, ಇಲ್ಲವೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಮೂರು ದಿನ ಕಾದ ಸಿಮೆಂಟಿನ ಮೇಲೆ ಬಿಸಿಲಿಗೆ ಇಡಿ. ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಮೋಡ ಕವಿದ ದಿನಗಳಾದರೆ ಒಂದೂವರೆ ಅಡಿ ಗುಂಡಿ ತೋಡಿ ಹೂಳಿ. ಹುಳುವಿನ ಮೈಗೆ ಅಕ್ಕಿಕಾಳಿನಂಥ ಸಣ್ಣ ಬಿಳಿ ಗೂಡುಗಳು ಅಂಟಿರುವುದು ಕಂಡರೆ ಅವನ್ನು ಎಲೆ ಸಮೇತ ಮರಕ್ಕೇ ಸಿಕ್ಕಿಸಿ. ಅವು ಹುಳುವನ್ನು ಒಳಗಿನಿಂದ ತಿಂದ ಸಣ್ಣ ಕಣಜಗಳ ಕೋಶಗಳು.

ನವೆಂಬರ್‌ನಲ್ಲಿ ಉಳಿದ ಗೂಡೆಲ್ಲ ಕಿತ್ತ ಮೇಲೆ ಮರದ ನೆರಳು ಬೀಳುವಷ್ಟು ಜಾಗದಲ್ಲಿ ಮಣ್ಣನ್ನು ಎರಡು ಮೂರು ಇಂಚು ಆಳಕ್ಕೆ ಕೆದಕಿ. ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ. ಗುದ್ದಲಿಯಲ್ಲಿ ಆಳಕ್ಕೆ ಅಗೆದರೆ ಮೇಲ್ಬೇರು ಹರಿದು ಹೂ ಬಿಡುವ ಹೊತ್ತಿಗೆ ಮರಕ್ಕೆ ಪೆಟ್ಟು.

ಸಿಂಪಡಿಸಲೇಬೇಕಾದರೆ

ಹೆಚ್ಚಿನ ಮನೆಯ ಮರಗಳಿಗೆ ಇದು ಬೇಕಾಗುವುದಿಲ್ಲ. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಇಳಿಸಿದ ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚರಲ್ಲಿ ಸಣ್ಣ ಹುಳು ಇದ್ದು, ತುದಿಗಳಲ್ಲಿ ಎಳೆ ಚಿಗುರು ತುಂಬಿದ್ದರೆ ಮಾತ್ರ ಕೈ ಹಾಕಿ.

ಮೊದಲ ಆಯ್ಕೆ ಬಿಟಿ ಪುಡಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕುರ್ಸ್ಟಾಕಿ ಬಗೆ. ಲೀಟರ್ ನೀರಿಗೆ 2 ಗ್ರಾಂ, ಜೊತೆಗೆ ಮದ್ದು ಎಲೆಗೆ ಹಿಡಿಯಲು ಅರ್ಧ ಮಿಲಿ ಅಂಟುದ್ರವ. ಇದು ಹುಳುವಿನ ಹೊಟ್ಟೆಗೆ ಹೋದರಷ್ಟೇ ಕೆಲಸ ಮಾಡುತ್ತದೆ, ಮೈಗೆ ತಾಗಿದರೆ ಏನೂ ಆಗುವುದಿಲ್ಲ. ತಿಂದ ಹುಳು ಕೆಲವೇ ಗಂಟೆಗಳಲ್ಲಿ ಮೇಯುವುದು ಬಿಡುತ್ತದೆ, ಸಾಯಲು ಎರಡರಿಂದ ಐದು ದಿನ ಬೇಕು. ಮರುದಿನವೇ ಹುಳು ಅಲ್ಲಾಡುತ್ತಿದೆ ಎಂದು ಬೇರೆ ಮದ್ದು ತರಬೇಡಿ. ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆ ನಾಲ್ಕರ ಮೇಲೆ ಹೊಡೆಯಬೇಕು, ವಾರದ ನಂತರ ಇನ್ನೊಮ್ಮೆ. ಬೋರ್ಡೋ ದ್ರಾವಣದ ಜೊತೆ ಬೆರೆಸಿದರೆ ಸುಣ್ಣದ ಕ್ಷಾರಕ್ಕೆ ಕೆಡುತ್ತದೆ. ದೊಡ್ಡ ಹುಳುವಿನ ಮೇಲೆ ಪರಿಣಾಮ ಅಷ್ಟಕ್ಕಷ್ಟೆ.

ಇಲ್ಲಿ ನಮ್ಮ ರಾಜ್ಯಕ್ಕೇ ಸೇರಿದ ಒಂದು ಎಚ್ಚರಿಕೆ. ರೇಷ್ಮೆ ಹುಳುವೂ ಪತಂಗದ ಮರಿಯೇ, ಬಿಟಿಗೆ ಅದೂ ಸಾಯುತ್ತದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯದ ಕಡೆ ಮನೆ ಪಕ್ಕ ಹಿಪ್ಪುನೇರಳೆ ತೋಟವೋ ಹುಳು ಸಾಕುವ ಮನೆಯೋ ಇದ್ದರೆ ಬಿಟಿಯಾಗಲಿ, ಬೇವಾಗಲಿ, ರಾಸಾಯನಿಕವಾಗಲಿ ಗಾಳಿಗೆ ತೂರುವ ಯಾವುದನ್ನೂ ಹೊಡೆಯಬೇಡಿ. ದೋಟಿಯಲ್ಲೇ ಮುಗಿಸಿ. ಪಕ್ಕದ ಮನೆಯ ಒಂದು ಬೆಳೆ ರೇಷ್ಮೆಗೂಡಿನ ಬೆಲೆ ನಿಮ್ಮ ಮಾವಿನ ಫಸಲಿಗಿಂತ ಬಹಳ ದೊಡ್ಡದು.

ಎರಡನೆಯದು ಬೇವು. ಬೇವಿನ ಬೀಜದ ಕಷಾಯವಾದರೆ 10 ಲೀಟರಿಗೆ ಅರ್ಧ ಕಿಲೋ ಒಣ ಬೀಜದ ತಿರುಳು. ಜಜ್ಜಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಸ್ವಲ್ಪ ಸೋಪಿನ ಪುಡಿ ಸೇರಿಸಿ ಆ ದಿನವೇ ಹೊಡೆಯಬೇಕು. ಇಟ್ಟಷ್ಟೂ ಗುಣ ಇಳಿಯುತ್ತದೆ. ಅಂಗಡಿಯ ಬೇವಿನ ಮದ್ದಾದರೆ ಬಾಟಲಿಯ ಮೇಲೆ 10,000 ಪಿಪಿಎಂ (ಬೇವಿನ ಸತ್ವದ ಪ್ರಮಾಣ) ಎಂದಿರುವುದು, ಲೀಟರಿಗೆ 2 ಮಿಲಿ. ಬೇವು ಹುಳುವಿನ ಮೇವನ್ನೂ ಬೆಳವಣಿಗೆಯನ್ನೂ ತಡೆಯುತ್ತದೆ, ತಟ್ಟನೆ ಕೊಲ್ಲುವುದಿಲ್ಲ.

ಯಾವುದನ್ನು ಹೊಡೆದರೂ ಕ್ರಮ ಒಂದೇ: ಮೊದಲು ಗೂಡು ಕೀಳುವುದು, ಆಮೇಲೆ ಸಿಂಪಡಣೆ. ನೂಲೂ ಹಿಕ್ಕೆಯೂ ಸೇರಿದ ಗೂಡು ಕೊಡೆಯಂತೆ, ನೀರು ಮೇಲಿಂದ ಜಾರಿ ಹೋಗುತ್ತದೆ, ಒಳಗಿನ ಹುಳುವಿಗೆ ಹನಿಯೂ ತಾಗುವುದಿಲ್ಲ. ಮದ್ದು ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಬೆನ್ನಿಗೆ ಹಾಕುವ ಪಂಪಿನ ನೀರು ಹತ್ತು ಹನ್ನೆರಡು ಅಡಿಗಿಂತ ಮೇಲೆ ಸರಿಯಾಗಿ ಏರುವುದಿಲ್ಲ. ಎತ್ತರದ ಮರಕ್ಕೆ ಉದ್ದ ಪೈಪು, ಬಿದಿರಿಗೆ ಕಟ್ಟಿದ ಕೊಳವೆ ಇರುವ ರಾಕರ್ ಸ್ಪ್ರೇಯರ್ ಬೇಕು. ಅದನ್ನು ಒಬ್ಬರು ಜಗ್ಗಬೇಕು, ಇನ್ನೊಬ್ಬರು ಹಿಡಿಯಬೇಕು. ದೊಡ್ಡ ಮರವೊಂದಕ್ಕೆ 10ರಿಂದ 15 ಲೀಟರ್ ಹಿಡಿಯುತ್ತದೆ. ಐದು ಲೀಟರಿನಲ್ಲಿ ಮುಗಿದಿದ್ದರೆ ನೆಂದದ್ದು ಹೊರಗಿನ ಎಲೆ ಮಾತ್ರ. ಹುಳು ಇರುವುದು ಒಳಗೆ.

ಮಾವು ಹೂ ಬಿಟ್ಟಿರುವಾಗ ಏನನ್ನೂ ಹೊಡೆಯಬೇಡಿ. ಜೇನೂ ನೊಣವೂ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ರಾಸಾಯನಿಕ ಕೀಟನಾಶಕದ ತನಕ ಹೋಗುವ ಸ್ಥಿತಿ ಬಂದರೆ ತೋಟಗಾರಿಕೆ ಇಲಾಖೆಯ ಅಧಿಕಾರಿಗೆ ಗೂಡು ತೋರಿಸಿ, ಲೇಬಲ್ಲಿನಲ್ಲಿ ಮಾವು ಇರುವುದನ್ನೇ ತೆಗೆದುಕೊಳ್ಳಿ. ಹಳೆಯ ಪುಸ್ತಕಗಳ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಅವುಗಳಲ್ಲಿ ಬರುವ ಕಾರ್ಬರಿಲ್ 2018ರಲ್ಲೇ ನಿಷೇಧವಾಗಿದೆ. ಅಡುಗೆಮನೆಯ ಕಿಟಕಿ, ಬಾವಿ, ತೊಟ್ಟಿ, ಒಣಗಲು ಹಾಕಿದ ಬಟ್ಟೆ, ಪಕ್ಕದವರ ಮಕ್ಕಳು ಎಲ್ಲವೂ ಹತ್ತಡಿಯೊಳಗಿರುವ ಜಾಗದಲ್ಲಿ ವಿಷ ಮೇಲಕ್ಕೆ ಚಿಮ್ಮಿಸಿದರೆ ಅರ್ಧ ವಾಪಸು ತಲೆಯ ಮೇಲೇ ಬೀಳುತ್ತದೆ.

ಕಾಂಡಕ್ಕೆ ತೂತು ಕೊರೆದು ಕೀಟನಾಶಕ ತುಂಬುವ ‘ಇಂಜೆಕ್ಷನ್’ ಮನೆಯ ಹಣ್ಣಿನ ಮರಕ್ಕೆ ಬೇಡ. ವಿಷ ಹಣ್ಣಿಗೂ ಹರಿಯಬಹುದು, ತೂತು ಕೊಳೆರೋಗಕ್ಕೆ ಬಾಗಿಲಾಗುತ್ತದೆ. ಬಿದಿರಿಗೆ ಸೀಮೆಎಣ್ಣೆ ಬಟ್ಟೆ ಕಟ್ಟಿ ಗೂಡಿಗೆ ಬೆಂಕಿ ಕೊಡುವುದೂ ಬೇಡ. ಗೂಡು ಸುಡುವುದು ಒಂದು ಕ್ಷಣ, ಅದರ ಕೆಳಗಿನ ಮೊಗ್ಗೂ ತೊಗಟೆಯೂ ಬೇಯುವುದು ಶಾಶ್ವತ.

ಸಪೋಟದಲ್ಲಾದರೆ

ಇಲ್ಲಿ ಎಲೆಗಳ ಗೊಂಚಲೇ ಸೇರಿಕೊಂಡು ಕಟ್ಟಾಗುತ್ತದೆ. ಒಳಗೆ ತೆಳ್ಳನೆಯ ಗುಲಾಬಿಮಿಶ್ರಿತ ಹುಳು, ಮೈಮೇಲೆ ಕಂದು ಗೆರೆ. ಮಾವಿನದಕ್ಕಿಂತ ಇದರ ಒಂದು ಕೆಟ್ಟ ಚಾಳಿ ಎಂದರೆ ಎಲೆ ಮುಗಿದ ಮೇಲೆ ಹೂಮೊಗ್ಗನ್ನೂ ಎಳೆ ಕಾಯನ್ನೂ ಕೊರೆಯುವುದು. ಸಪೋಟ ವರ್ಷದುದ್ದಕ್ಕೂ ಹೂ ಬಿಡುವುದರಿಂದ ಹುಳುವಿಗೂ ಬಿಡುವಿಲ್ಲ. ಬೇಸಿಗೆಯಲ್ಲೂ ಕಾಣಿಸಿಕೊಳ್ಳುತ್ತದೆ. ಮಾಡುವ ಕೆಲಸ ಅದೇ: ಗೂಡು ಕೀಳುವುದು, ಒಳಗೊಂಬೆ ತೆರವು ಮಾಡುವುದು, ಬೇಕಾದರೆ ಬೇವು. ಸಪೋಟದ ಕಡ್ಡಿ ಜಗ್ಗಿದರೆ ಸುಲಭವಾಗಿ ಮುರಿಯುತ್ತದೆ, ದೋಟಿ ತಿರುವುವಾಗ ಮೆಲ್ಲಗೆ.

ಕಾಂಡದ ಮೇಲೆ ಪಟ್ಟಿಯಂಥ ಬಲೆ

ಬಲೆ ಎಲೆಯಲ್ಲಿಲ್ಲ, ಕಾಂಡದಲ್ಲಿ ಅಥವಾ ಕವಲಿನಲ್ಲಿ ಕಂದು ರಿಬ್ಬನ್ ಅಂಟಿಸಿದಂತಿದೆ ಎಂದಾದರೆ ಅದು ತೊಗಟೆ ತಿನ್ನುವ ಹುಳು, ಇಂಡಾರ್ಬೆಲಾ. ಮಾವು, ಸೀಬೆ, ನುಗ್ಗೆ, ನೇರಳೆ, ಸಪೋಟ, ಗುಲ್‌ಮೊಹರ್ ಹೀಗೆ ಅದಕ್ಕೆ ಆಗದ ಮರವೇ ಕಡಿಮೆ.

ಗೆದ್ದಲು ಎಂದು ತಪ್ಪು ತಿಳಿಯುವುದು ಇಲ್ಲೇ. ಉಗುರಿನಲ್ಲಿ ಕೆರೆದು ನೋಡಿ. ಮಣ್ಣು ಉದುರಿದರೆ ಗೆದ್ದಲು. ನೂಲಿನಲ್ಲಿ ಹೆಣೆದ ಹಿಕ್ಕೆಯೂ ತೊಗಟೆಯ ಚೂರೂ ಕಂಬಳಿಯ ತುಂಡಿನಂತೆ ಕಿತ್ತುಬಂದರೆ ಈ ಹುಳು. ಹುಳು ಹಗಲು ಮರದೊಳಗೆ ಕೊರೆದ ಗೇಣುದ್ದದ ತೂತಿನಲ್ಲಿ ಅಡಗಿ, ರಾತ್ರಿ ಈ ಪಟ್ಟಿಯ ಮರೆಯಲ್ಲಿ ಹೊರಬಂದು ತೊಗಟೆ ತಿನ್ನುತ್ತದೆ. ಸಾಮಾನ್ಯವಾಗಿ ತೂತಿಗೊಂದು ಹುಳು, ವರ್ಷಕ್ಕೊಂದು ಪೀಳಿಗೆ. ಹಾಗಾಗಿ ಮರದಲ್ಲಿ ನಾಲ್ಕು ತೂತಿದ್ದರೆ ನಾಲ್ಕು ಹುಳು ಕೊಂದರೆ ಮುಗಿಯಿತು. ಇಡೀ ಮರಕ್ಕೆ ಸಿಂಪಡಿಸುವುದು ವ್ಯರ್ಥ.

ಗಟ್ಟಿ ಬ್ರಷ್‌ನಿಂದ ಪಟ್ಟಿಯನ್ನೆಲ್ಲ ಉಜ್ಜಿ ತೆಗೆಯಿರಿ. ಆಗ ಕವಲಿನಲ್ಲಿ ಪೆನ್ಸಿಲ್ ಗಾತ್ರದ ತೂತು ಕಾಣುತ್ತದೆ. ಸೈಕಲ್ಲಿನ ಸ್ಪೋಕನ್ನು ತುದಿ ಬಾಗಿಸಿ ಒಳಗೆ ತೂರಿಸಿ ಮೇಲೆ ಕೆಳಗೆ ಆಡಿಸಿ. ತುದಿಗೆ ಒದ್ದೆ ಹತ್ತಿದರೆ ಹುಳು ಸಿಕ್ಕಿತು. ಸಿಗದಿದ್ದರೆ ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ಕಡ್ಡಿಯಿಂದ ಆಳಕ್ಕೆ ನೂಕಿ, ಬಾಯಿಗೆ ಹಸಿ ಜೇಡಿಮಣ್ಣು ಮೆತ್ತಿ ಗಾಳಿ ಆಡದಂತೆ ಮುಚ್ಚಿ. ಒಂದು ತೂತಿಗೆ ಕಡಲೆಕಾಳಿನಷ್ಟು ಹತ್ತಿ ಸಾಕು, ಸುರಿದರೆ ಮರದ ಜೀವಂತ ಪದರವೇ ಸಾಯುತ್ತದೆ. ಹತ್ತಿರ ಬೀಡಿ, ಬೆಂಕಿ ಇರಬಾರದು. ಮೊದಲೆಲ್ಲ ಇದಕ್ಕೆ ಡೈಕ್ಲೋರ್ವಾಸ್ ತುಂಬುತ್ತಿದ್ದರು. 2020ರ ಡಿಸೆಂಬರ್ 31ರಿಂದ ಅದರ ಬಳಕೆಯೇ ನಿಂತಿದೆ, ಮನೆಯ ಮೂಲೆಯಲ್ಲಿ ಹಳೆಯ ಬಾಟಲಿ ಇದ್ದರೂ ತೆಗೆಯಬೇಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಮ್ಮೆ, ಜನವರಿ, ಫೆಬ್ರವರಿಯಲ್ಲಿ ಇನ್ನೊಮ್ಮೆ ನೋಡಿದರೆ ಸಾಕು. ವಾರ ಕಳೆದ ಮೇಲೆ ಮಣ್ಣಿನ ಸುತ್ತ ಹೊಸ ಪಟ್ಟಿ ಬಂದಿದ್ದರೆ ತೂತು ಎರಡಿವೆ, ಒಂದು ಕಣ್ತಪ್ಪಿದೆ ಎಂದೇ ಅರ್ಥ.

ತೆಂಗಿನ ಗರಿ ಸುಟ್ಟಂತಿದ್ದರೆ

ಕೆಳಗಿನ ಗರಿಗಳು ಬೆಂಕಿ ತಾಗಿದಂತೆ ಕಂದಾಗಿ, ಮೇಲಿನವು ಹಸಿರಾಗಿದ್ದರೆ ಒಂದು ಗರಿ ಕಡಿದು ಎಲೆಯ ಅಡಿಭಾಗ ನೋಡಿ. ನೂಲು, ಹಿಕ್ಕೆ ಸೇರಿದ ಸುರಂಗವಿದ್ದು ಒಳಗೆ ಕಪ್ಪುತಲೆಯ ಹುಳು ಇದ್ದರೆ ಅದೇ ಕಪ್ಪುತಲೆ ಹುಳು. ನೂಲಿಲ್ಲದೆ ಬರಿದೇ ಒಣಗಿದ್ದರೆ ನೀರಿನ ಕೊರತೆಯೋ ರೋಗವೋ ಇರಬೇಕು.

ಹೆಚ್ಚು ಹಾನಿಯಾದ ಹೊರಸುತ್ತಿನ ಎರಡು ಮೂರು ಗರಿ ಕಡಿದು ನಾಶಮಾಡಿ. ಅದಕ್ಕಿಂತ ಹೆಚ್ಚು ಕಡಿದರೆ ಕಾಯಿ ಉದುರುತ್ತದೆ. ಉಳಿದ ಕೆಲಸವನ್ನು ಗೋನಿಯೋಜಸ್ ಎಂಬ ಪುಟ್ಟ ಕಣಜಕ್ಕೆ ಬಿಡುವುದು ಜಾಣತನ. ತೋಟಗಾರಿಕೆ ಇಲಾಖೆಯ ಪರೋಪಜೀವಿ ಪ್ರಯೋಗಾಲಯಗಳಲ್ಲಿ ಇವನ್ನು ಸಾಕಿ ಕೊಡುತ್ತಾರೆ. ಮರಕ್ಕೆ ಸುಮಾರು 20 ಕಣಜ, ಹದಿನೈದು ದಿನದ ಅಂತರದಲ್ಲಿ ಕೆಲವು ಬಾರಿ ಬಿಡಬೇಕು. ಇಲ್ಲಿ ಎಡವುವುದು ಎರಡು ಕಡೆ. ಮರ ಹತ್ತುವವನು ಕಣಜ ತುಂಬಿದ ಕೊಳವೆಯನ್ನು ಮರದ ತಲೆಯಲ್ಲಿ ಬಿಚ್ಚಿದರೆ ಅಲ್ಲಿನ ಜೇಡಗಳೂ ತಿಗಣೆಗಳೂ ಕಣಜವನ್ನು ಮುಗಿಸುತ್ತವೆ. ಕಾಂಡದ ಮೇಲೆ ಬಿಟ್ಟರೆ ಅವೇ ಹತ್ತಿಕೊಳ್ಳುತ್ತವೆ. ಎರಡನೆಯದು, ಕೀಟನಾಶಕ ಹೊಡೆದ ಮೂರು ವಾರದೊಳಗೆ ಬಿಟ್ಟರೆ ತಂದ ಕಣಜವೆಲ್ಲ ಸಾಯುತ್ತದೆ. ಒಂದೇ ಮನೆಯ ಒಂದೇ ಮರಕ್ಕೆ ಬಿಟ್ಟರೆ ಲಾಭ ಕಡಿಮೆ. ಬೀದಿಯ ನಾಲ್ಕು ಮನೆಯವರು ಸೇರಿ ತರಿಸಬೇಕು.

ನುಗ್ಗೆಯ ಕಂಬಳಿ ಹುಳು

ಇದು ಬಲೆಗಿಂತ ಗುಂಪಿನ ತೊಂದರೆ. ಮುಂಗಾರಿನ ಮೊದಲ ಮಳೆಯಾದ ಮೇಲೆ ಮೊಟ್ಟೆಯೊಡೆದ ಹುಳುಗಳು ಹಗಲೆಲ್ಲ ಕಾಂಡದ ಮೇಲೆ ಚಾಪೆ ಹಾಸಿದಂತೆ ಒತ್ತೊತ್ತಾಗಿ ಕೂತು, ರಾತ್ರಿ ಮೇಲೇರಿ ಎಲೆ ಮುಗಿಸುತ್ತವೆ. ಹಗಲು ಒಂದೇ ಕಡೆ ಸಿಗುವುದರಿಂದ ಮರ ಏರಬೇಕಾಗಿಲ್ಲ, ಎಲೆಗೆ ಹೊಡೆಯಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೀಟರಿಗೆ 25 ಗ್ರಾಂ ಮೀನೆಣ್ಣೆ ರಾಳದ ಸೋಪು ಕರಗಿಸಿ ಗುಂಪಿನ ಮೇಲೆ ನೆನೆಯುವಂತೆ ಹೊಡೆದರೆ ಸಾಕು. ನುಗ್ಗೆ ಸೊಪ್ಪು ಅಡುಗೆಗೆ ಹೋಗುವುದರಿಂದ ಬೇರೆ ವಿಷ ಯೋಚಿಸಲೇಬೇಡಿ.

ಈ ಹುಳುವಿನ ಕೂದಲು ಮೈಗೆ ತಾಗಿದರೆ ಉಜ್ಜಬೇಡಿ, ಒಳಕ್ಕೆ ಹೋಗುತ್ತದೆ. ಅಂಟು ಟೇಪನ್ನು ಒತ್ತಿ ಕಿತ್ತರೆ ಕೂದಲು ಟೇಪಿನ ಜೊತೆ ಬರುತ್ತದೆ. ಆಮೇಲೆ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕಣ್ಣಿಗೆ ಬಿದ್ದರೆ ನೀರು ಹಾಕುತ್ತಲೇ ಆಸ್ಪತ್ರೆಗೆ.

ಎಲ್ಲ ಮಾಡಿಯೂ ಮರುವರ್ಷ ಬಂದರೆ

ಮೊದಲು ಪಕ್ಕದ ಕಾಂಪೌಂಡಿನ ಮಾವು ನೋಡಿ. ಪತಂಗ ಗೋಡೆ ಲೆಕ್ಕಿಸುವುದಿಲ್ಲ. ಅಲ್ಲಿ ಗೂಡು ತುಂಬಿದ್ದರೆ ಇಲ್ಲಿ ಕೀಳುವ ದಿನವೇ ಅಲ್ಲೂ ಕೀಳುವುದಕ್ಕೆ ಮಾತಾಡಿಕೊಳ್ಳಬೇಕು. ಅಲ್ಲೇನೂ ಇಲ್ಲದಿದ್ದರೆ ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಮರದ ಬುಡದಲ್ಲಿ ನಿಂತು ನೆಲ ನೋಡಿ. ಬಿಸಿಲಿನ ಚುಕ್ಕೆಗಳು ಅಲ್ಲಲ್ಲಿ ಬಿದ್ದಿರಬೇಕು. ನೆಲವೆಲ್ಲ ಒಂದೇ ಸಮ ನೆರಳಾಗಿದ್ದರೆ ಸವರಿದ್ದು ಹೊರಗಿನ ಕೊಂಬೆ, ನೆತ್ತಿ ಹಾಗೇ ಉಳಿದಿದೆ.

ಇಷ್ಟಕ್ಕೆಲ್ಲ ಬೇಸತ್ತು ಮರವನ್ನೇ ಕಡಿಸುವ ಮಾತು ಕೆಲವೊಮ್ಮೆ ಬರುತ್ತದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಸ್ವಂತ ಅಂಗಳದ ಮರವಾದರೂ ಬುಡಕ್ಕೆ ಕೊಡಲಿ ಹಾಕುವ ಮುನ್ನ ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಯನ್ನು ಕೇಳಿಕೊಳ್ಳಬೇಕು. ಕೇಳಲು ಹೋಗುವಾಗ ಒಂದು ಗೂಡನ್ನು ಬಿಚ್ಚಿ ನೋಡಿಕೊಂಡು ಹೋಗಿ. ಹೆಚ್ಚಾಗಿ ಅದು ಖಾಲಿಯೇ ಇರುತ್ತದೆ.